ನಾಲ್ಕು ಕಲ್ಲಿನ ಭಾಷೆ

ಶಾಸನದ ಕೆಲಸವೆಂದರೆ ಹೆಚ್ಚಿನ ಹೊತ್ತು ಕಲ್ಲು ತೊಳೆಯುವ ಕೆಲಸ. ಹೊಸದಾಗಿ ಸೇರುವವರಿಗೆ ಇದನ್ನು ಯಾರೂ ಹೇಳುವುದಿಲ್ಲ. ಲಿಪಿ ಓದಲು ಬರುತ್ತದೆಯೇ, ಹಳಗನ್ನಡ ಬರುತ್ತದೆಯೇ ಎಂದು ಸಂದರ್ಶನದಲ್ಲಿ ಕೇಳುತ್ತಾರೆ. ತಲೆಮಾರುಗಳಿಂದ ಕಲ್ಲಿನ ಮೇಲೆ ಕೂತ ಎಣ್ಣೆ, ಅರಿಶಿನ, ಪಾಚಿ, ಹಕ್ಕಿಯ ಹಿಕ್ಕೆ ಇವನ್ನು ಅಕ್ಷರಕ್ಕೆ ಪೆಟ್ಟಾಗದಂತೆ ತೆಗೆಯಲು ಬರುತ್ತದೆಯೇ ಎಂದು ಕೇಳುವುದಿಲ್ಲ. ನಾನು ಮೈಸೂರಿನ ಒಂದು ಶಾಸನ ಕಚೇರಿಗೆ ಎಂ.ಎ. ಮುಗಿಸಿಕೊಂಡು ಸಹಾಯಕನಾಗಿ ಸೇರಿದೆ, ಅಲ್ಲೇ ನಿವೃತ್ತನಾದೆ. ನಡುವೆ ಹುದ್ದೆಯ ಹೆಸರು ಬದಲಾಯಿತು, ಬಕೆಟ್ಟು ಮತ್ತು ಬ್ರಷ್ಷು ಬದಲಾಗಲಿಲ್ಲ. ನನ್ನ ಊರು ದೇವನೂರಿನ ಪಕ್ಕ. ಆ ಕಡೆಯ ಬಸ್ಸುಗಳ ವೇಳೆ ನನಗೆ ಬಾಯಿಪಾಠ ಇದ್ದುದರಿಂದ ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳ ತಿರುಗಾಟ ನನ್ನ ಪಾಲಿಗೆ ಬಂತು.

ಆಗ ಶಾಸನದ ನಕಲನ್ನು ಕಾಗದದ ಮೇಲೆ ತೆಗೆಯುತ್ತಿದ್ದೆವು. ಅದಕ್ಕೆ ಪಡಿಯಚ್ಚು ಎನ್ನುತ್ತೇವೆ. ತೊಳೆದ ಕಲ್ಲಿನ ಮೇಲೆ ಒದ್ದೆ ಕಾಗದ ಹಾಸಿ, ಗಟ್ಟಿ ಬ್ರಷ್ಷಿನಿಂದ ಮೆಲ್ಲಗೆ ಬಡಿಯಬೇಕು. ಕಾಗದ ಅಕ್ಷರದ ಗುಳಿಯೊಳಗೆ ಇಳಿಯುತ್ತದೆ. ಅರೆ ಒಣಗಿದಾಗ ಬಟ್ಟೆಯ ಉಂಡೆಯನ್ನು ಮಸಿಯಲ್ಲಿ ಅದ್ದಿ ತಟ್ಟಬೇಕು. ಕಾಗದದಲ್ಲಿ ಕಲ್ಲಿನ ಮೈ ಕಪ್ಪಾಗಿ, ಅಕ್ಷರ ಬೆಳ್ಳಗೆ ಉಳಿಯುತ್ತದೆ. ಬಡಿದದ್ದು ಕಡಿಮೆಯಾದರೆ ಅಕ್ಷರ ಏಳುವುದಿಲ್ಲ, ಹೆಚ್ಚಾದರೆ ಕಾಗದ ಹರಿಯುತ್ತದೆ. ಬಿಸಿಲು ಏರಿದರೆ ಬಡಿಯುವ ಮೊದಲೇ ಒಣಗಿ ಎದ್ದು ಬರುತ್ತದೆ. ಆದ್ದರಿಂದ ನಮ್ಮ ದಿನ ಬೆಳಗಿನ ಮೊದಲ ಬಸ್ಸಿನಿಂದ ಶುರುವಾಗುತ್ತಿತ್ತು.

ನನಗೆ ಕೆಲಸ ಕಲಿಸಿದವರು ಸೀತಾಪತಿಯವರು. ಕಚೇರಿಯ ಹಿರಿಯ ಶಾಸನತಜ್ಞರು. ಬಿಳಿ ಶರಟು, ಕ್ಯಾನ್ವಾಸ್ ಬೂಟು, ಕೈಯಲ್ಲಿ ಯಾವಾಗಲೂ ಒಂದು ಒದ್ದೆ ಬಟ್ಟೆಯ ಚೌಕ. ಅವರದೊಂದು ಪದ್ಧತಿ ಇತ್ತು. ಹೊಸ ಕಲ್ಲು ಸಿಕ್ಕರೆ ಅವರೂ ನಾನೂ ಬೇರೆ ಬೇರೆ ಕೂತು ಓದಬೇಕು. ಓದಿದ್ದನ್ನು ಬಾಯಿ ಬಿಟ್ಟು ಹೇಳುವ ಹಾಗಿಲ್ಲ. ಒಬ್ಬರು ಓದಿದ್ದು ಕಿವಿಗೆ ಬಿದ್ದರೆ ಇನ್ನೊಬ್ಬರ ಕಣ್ಣು ಅದನ್ನೇ ಕಾಣತೊಡಗುತ್ತದೆ ಎಂಬುದು ಅವರ ಮಾತು. ಇಬ್ಬರದೂ ಮುಗಿದ ಮೇಲೆ ಎದುರೆದುರು ಇಟ್ಟು ನೋಡುವುದು. ಎರಡೂ ಹೊಂದದ ಜಾಗದಲ್ಲಿ ಮತ್ತೆ ಕಲ್ಲಿಗೆ ಹೋಗುವುದು.

ಒಮ್ಮೆ ಒಂದು ಕಲ್ಲಿನ ಅಂಚಿನಲ್ಲಿ ಗೆರೆಗಳ ಸಾಲು ಕಂಡು ನಾನು ಅದನ್ನು ಯಾವನೋ ಅರಸನ ಆಳ್ವಿಕೆಯ ವರ್ಷದ ಅಂಕಿಗಳೆಂದು ಓದಿದೆ. ಸೀತಾಪತಿಯವರು ನನ್ನ ಹಾಳೆ ನೋಡಿ, ಪಕ್ಕದಲ್ಲಿ ಹುಲ್ಲು ಕುಯ್ಯುತ್ತಿದ್ದವನನ್ನು ಕರೆದು, "ಕುಡುಗೋಲು ಎಲ್ಲಪ್ಪಾ ಮಸೀತೀಯ?" ಎಂದರು. ಅವನು ಬಂದು ಅದೇ ಗೆರೆಗಳ ಮೇಲೆ ಮಸೆದು ತೋರಿಸಿದ. "ನೋಡಿದೆಯಾ ಪುಟ್ಟಸ್ವಾಮಿ, ನಿನ್ನ ಮಹಾರಾಜರು ಇನ್ನೂ ಆಳ್ತಾ ಇದ್ದಾರೆ" ಎಂದರು. ಆ ಮಾತು ಕಚೇರಿಯಲ್ಲಿ ಬಹಳ ಕಾಲ ನನ್ನ ಹಿಂದೆ ತಿರುಗಿತು.

ಇನ್ನೊಂದು ನಿಧಿಯ ಪ್ರಶ್ನೆ. ಈ ಕೆಲಸಕ್ಕೆ ಬಂದರೆ ಇದು ನಿಮಗೂ ತಪ್ಪದು. ತಗಡೂರಿನ ಕಡೆಯ ಹೊಲವೊಂದರಲ್ಲಿ ನಾವು ಕೆಲಸ ಮಾಡುವಾಗ ಒಬ್ಬ ಮುದುಕ ಬದುವಿನ ಮೇಲೆ ಕೂತು ಅಲುಗಾಡದೆ ನೋಡುತ್ತಿದ್ದ. ನಾವು ಕಾಗದ ಸುತ್ತುವಾಗ ಹತ್ತಿರ ಬಂದು, "ಎಷ್ಟಡಿ ಕೆಳಗದೆ ಸಾ?" ಎಂದ.

"ಏನಪ್ಪಾ?"

"ಅದೇ ಸಾ, ಬರ್ದವ್ರಲ್ಲ."

ಏನೂ ಇಲ್ಲವೆಂದು ಎಷ್ಟು ಹೇಳಿದರೂ ಅವನು ನಗುತ್ತಲೇ ಇದ್ದ. ಮುಂದಿನ ವಾರ ಹೋದಾಗ ಕಲ್ಲಿನ ಪಕ್ಕದಲ್ಲಿ ಆಳೆತ್ತರದ ಗುಂಡಿ. ಅವನು ಅದರ ದಡದಲ್ಲೇ ಕೂತಿದ್ದ. "ನೀವು ಅಡಿ ಸರಿಯಾಗಿ ಏಳ್ಲಿಲ್ಲ ಕಣ್ಸಾ" ಎಂದ.

ಆ ಕಲ್ಲಿನ ಬಗ್ಗೆ ಹೇಳಬೇಕಾದದ್ದು ಬೇರೆ ಇದೆ. ಅದರ ಲಿಪಿ ನಮ್ಮದೇ, ಬಹಳ ಹಳೆಯ ರೂಪ. ಒಂದೊಂದು ಅಕ್ಷರವೂ ಓದಲು ಬರುತ್ತದೆ. ಕೂಡಿಸಿ ಓದಿದರೆ ಮಾತಿನ ಹಾಗೆಯೇ ಕೇಳುತ್ತದೆ. ಅರ್ಥ ಮಾತ್ರ ಇಲ್ಲ. ಅದು ಕನ್ನಡವಲ್ಲ, ತಮಿಳಲ್ಲ, ಸಂಸ್ಕೃತವಲ್ಲ, ಪ್ರಾಕೃತವಲ್ಲ. ಆಯಾ ಭಾಷೆ ಬಲ್ಲವರಿಗೆಲ್ಲ ಕಳಿಸಿದೆವು. ಕಾಡಿನ ಜನರ ಮಾತು ಬಲ್ಲವರಿಗೆ ಓದಿ ಕೇಳಿಸಿದೆವು. ಯಾರೂ ಇದು ತಮ್ಮದೆನ್ನಲಿಲ್ಲ. ಅದೇ ಭಾಷೆಯ ಇನ್ನೊಂದು ಕಲ್ಲು ಕಪಿಲೆಯ ದಂಡೆಯ ಹಾಳು ಬಾವಿಯಲ್ಲಿ ಮೆಟ್ಟಿಲಾಗಿ ಸಿಕ್ಕಿತು. ಮತ್ತೊಂದು ತುಂಡು ತಾಂಡ್ಯಕ್ಕೆ ಹೋಗುವ ದಾರಿಯ ಪಕ್ಕದ ಜಾಲಿಯ ಪೊದೆಯಲ್ಲಿ. ಕಚೇರಿಯಲ್ಲಿ ನಾವು ಅದನ್ನು ಮೂರು ಕಲ್ಲಿನ ಭಾಷೆ ಎನ್ನುತ್ತಿದ್ದೆವು. ಬೇರೆ ಹೆಸರು ಇಡಲು ನಮಗೆ ಅದರ ಬಗ್ಗೆ ಏನೂ ಗೊತ್ತಿರಲಿಲ್ಲ. ಯಾರೋ ಒಂದಷ್ಟು ಜನ ಆ ಭಾಷೆಯಲ್ಲಿ ಜಗಳವಾಡಿ, ಮಕ್ಕಳನ್ನು ಕರೆದು, ಸತ್ತು ಹೋಗಿದ್ದಾರೆ. ಅವರಿಂದ ನಮಗೆ ಉಳಿದದ್ದು ಒಂದು ಹಾಳೆಯಲ್ಲಿ ಹಿಡಿಯುವಷ್ಟು.

ನಾಲ್ಕನೆಯ ಕಲ್ಲು ನರಸೀಪುರದಿಂದ ಆಚೆ, ಕಾವೇರಿ ನಾಲೆಯ ಕೆಳಗಿನ ಒಂದು ಗದ್ದೆಯ ಅಂಚಿನಲ್ಲಿತ್ತು. ಊರಿನ ಹೆಸರು ಬರೆಯುವುದಿಲ್ಲ. ಅಲ್ಲಿ ಆಮೇಲೆ ಕೇಸು ನಡೆಯಿತು, ಎರಡು ಕಡೆಯವರೂ ಇನ್ನೂ ಅಲ್ಲೇ ಇದ್ದಾರೆ. ಗದ್ದೆ ಮಹದೇವಮ್ಮ ಎಂಬುವರದು. ಗಂಡ ತೀರಿಕೊಂಡ ಮೇಲೆ ಆ ಗದ್ದೆ ಮತ್ತು ಡೈರಿಗೆ ಹಾಕುವ ಹಾಲಿನಲ್ಲಿ ಮನೆ ನಡೆಸುತ್ತಿದ್ದರು. ನಾವು ಹೋದಾಗ ಕಲ್ಲಿನ ಅಕ್ಷರದ ಮುಖದ ತುಂಬ ಬೆರಣಿ ತಟ್ಟಿತ್ತು.

ಸೀತಾಪತಿಯವರು ಚೌಕದಿಂದ ಮುಖ ಒರೆಸಿಕೊಂಡು, "ಅಮ್ಮಾ, ಇದು ಸಾವಿರ ವರ್ಷಕ್ಕೂ ಹಳೇ ಕಲ್ಲು" ಎಂದರು.

"ಅಷ್ಟ್ ವರ್ಸ ಇದ್ಕಂಡ್ ಬಂದದೆ, ಇನ್ನೊಂದಿನ ಇರ್ತದೆ ಬುಡಿ. ಬೆರಣಿ ಒಣಗ್ಲಿ, ನಾಳೆ ಬನ್ನಿ" ಎಂದರು ಮಹದೇವಮ್ಮ.

ನಾವು ಮಾರನೆಯ ದಿನ ಹೋದೆವು. ಕಲ್ಲಿನ ಬುಡದ ಮಣ್ಣು ಬಿಡಿಸಿದಾಗ ಐದು ಸಾಲು ಬಂತು. ನಾಲ್ಕು ಸಾಲು ಕಾಗದದ ಮೇಲೆ ಚೆನ್ನಾಗಿ ಎದ್ದವು. ಐದನೆಯದು, ನೆಲದ ತೇವಕ್ಕೆ ಪದರ ಎದ್ದಿದ್ದರಿಂದ, ಮೂರು ಸಲ ಬಡಿದರೂ ಸರಿಯಾಗಿ ಬರಲಿಲ್ಲ. ನಾನೂ ಸೀತಾಪತಿಯವರೂ ಬೇರೆ ಬೇರೆ ಕೂತು ಓದಿದೆವು. ನಾಲ್ಕು ಸಾಲಿನಲ್ಲಿ ಇಬ್ಬರ ಓದಿಗೂ ಒಂದು ಅಕ್ಷರದ ವ್ಯತ್ಯಾಸವಿರಲಿಲ್ಲ. ಅವರು ಆವತ್ತು ನನಗೆ ನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ಮಸಾಲೆ ದೋಸೆ ಕೊಡಿಸಿದರು.

ತೊಂದರೆ ಆಮೇಲೆ ಆಯಿತು. ನಾಲ್ಕು ಕಲ್ಲಾದ ಮೇಲೆ ಸೀತಾಪತಿಯವರಿಗೆ ಅರ್ಥದ ಹಂಬಲ ಹಿಡಿಯಿತು. ನಮ್ಮ ವೃತ್ತಿಯವರು ಜಾರುವ ಒಂದು ಜಾಗ ಇದೆ, ಅದನ್ನು ನೀವು ತಿಳಿದಿರಬೇಕು. ನಾವು ದಿನವೂ ಓದುವ ಕಲ್ಲುಗಳಲ್ಲಿ ಹೆಚ್ಚಿನವು ದಾನದ ಕಲ್ಲುಗಳು. ಮೊದಲು ಅರಸನ ಹೆಸರು, ಆಮೇಲೆ ಕೊಟ್ಟವನು, ಪಡೆದವನು, ಭೂಮಿಯ ಎಲ್ಲೆ, ಕೊನೆಗೆ ಇದನ್ನು ಕೆಡಿಸಿದವನಿಗೆ ಶಾಪ. ಓದಿ ಓದಿ ಈ ಚೌಕಟ್ಟು ಕಣ್ಣಿನಲ್ಲೇ ಕೂತುಬಿಡುತ್ತದೆ. ಸೀತಾಪತಿಯವರು ಗೊತ್ತಿಲ್ಲದ ಭಾಷೆಯ ಮಾತುಗಳನ್ನು ಒಂದೊಂದಾಗಿ ಆ ಚೌಕಟ್ಟಿನೊಳಗೆ ಕೂಡಿಸಿದರು. ನಾಲ್ಕೂ ಕಲ್ಲಿನಲ್ಲಿ ಮತ್ತೆ ಮತ್ತೆ ಬರುವ 'ಎತುಮ' ಎಂಬ ಮಾತಿಗೆ 'ಕೊಟ್ಟನು' ಎಂದು ಅರ್ಥ ಹಚ್ಚಿದರು. ಅಲ್ಲಿಂದ ಉಳಿದದ್ದೆಲ್ಲ ತಾನಾಗಿ ಬಂತು. ಅಕ್ಷರಗಳನ್ನು ಎದುರಿಟ್ಟು ನೋಡಲು ನಾನಿದ್ದೆ. ಅರ್ಥವನ್ನು ಎದುರಿಟ್ಟು ನೋಡಲು ಆ ಭಾಷೆ ಬಲ್ಲ ಎರಡನೆಯ ಮನುಷ್ಯ ಭೂಮಿಯ ಮೇಲೆ ಇರಲಿಲ್ಲ.

ವಿದ್ವಾಂಸರ ಪತ್ರಿಕೆಯಲ್ಲಿ ಬರೆದಾಗ ಅವರು ಪ್ರತಿ ಸಾಲಿಗೂ 'ಬಹುಶಃ' ಎಂದು ಸೇರಿಸಿದ್ದರು. ನಿವೃತ್ತರಾದ ಮೇಲೆ ಅದೇ ಲೇಖನ ಸಾಮಾನ್ಯ ಓದುಗರಿಗಾಗಿ ಪುಸ್ತಕವಾಯಿತು. ಪುಸ್ತಕದಲ್ಲಿ 'ಬಹುಶಃ' ಇರಲಿಲ್ಲ. ನಾಲ್ಕನೆಯ ಕಲ್ಲಿನ ಕೆಳಗೆ ಹೀಗೆ ಅಚ್ಚಾಗಿತ್ತು: ಈ ಕಲ್ಲಿನಿಂದ ಹೊಳೆಯವರೆಗಿನ ಭೂಮಿಯನ್ನು ದೇವರಿಗೆ ಕೊಟ್ಟನು.

ಆ ಊರಿನ ದೇವಸ್ಥಾನದ ಟ್ರಸ್ಟಿನವರು ಪುಸ್ತಕ ಓದಿದರು. ಕಲ್ಲಿನಿಂದ ಹೊಳೆಯವರೆಗೆ ಇದ್ದದ್ದು ಮಹದೇವಮ್ಮನವರ ಗದ್ದೆ. ಅದು ದೇವರಿಗೆ ಬಿಟ್ಟ ಮಾನ್ಯ, ಬಿಡಿಸಿಕೊಡಬೇಕೆಂದು ನರಸೀಪುರದ ಕೋರ್ಟಿನಲ್ಲಿ ದಾವೆ ಹಾಕಿದರು. ಅವರ ಬಳಿ ಬೇರೆ ಹಳೆಯ ಕಾಗದಗಳೂ ಒಂದಷ್ಟು ಇದ್ದವು. ಆದರೆ ಊರಿನಲ್ಲಿ ಎಲ್ಲರೂ ಮಾತಾಡಿದ್ದು ಕಲ್ಲಿನ ಬಗ್ಗೆ. ಕಲ್ಲೇ ಹೇಳುತ್ತಿದೆ ಎಂದಮೇಲೆ ಹೆಂಗಸಿನ ಮಾತು ಯಾರು ಕೇಳುತ್ತಾರೆ?

ಮಹದೇವಮ್ಮನವರ ವಕೀಲರು ನನ್ನನ್ನು ಸಾಕ್ಷಿಯಾಗಿ ಕರೆಸಿದರು. ಸಮನ್ಸು ಬಂದ ವಾರ ನಾನು ಮೈಸೂರಿನಲ್ಲಿ ಸೀತಾಪತಿಯವರ ಮನೆಗೆ ಹೋದೆ. ಅವರಿಗೆ ಆಗ ಕಾಲು ಸ್ವಾಧೀನದಲ್ಲಿರಲಿಲ್ಲ. ಕೋರ್ಟಿಗೆ ಬರುವ ಸ್ಥಿತಿ ಇರಲಿಲ್ಲ.

"ಏನು ಹೇಳ್ತೀಯಾ?" ಎಂದರು.

"ಗೊತ್ತಿರೋದನ್ನ ಹೇಳ್ತೀನಿ ಸರ್."

"ನನಗೂ ನಿನಗೂ ಗೊತ್ತಿರೋದು ಒಂದೇ ಅಲ್ಲವೇನಯ್ಯಾ?"

ಅವರ ಹೆಂಡತಿ ಕಾಫಿ ತಂದಿಟ್ಟರು. ಆಮೇಲೆ ಕೇಳಿದೆ, "ಪುಸ್ತಕದಲ್ಲಿ 'ಬಹುಶಃ' ಯಾಕೆ ಹೋಯಿತು ಸರ್?"

"ಪ್ರತಿ ಸಾಲಿಗೂ ಬಹುಶಃ ಅಂದ್ರೆ ಯಾರು ಓದ್ತಾರೆ ಅಂದರು ಪ್ರಕಾಶಕರು. ನನಗೂ ಹೌದು ಅನ್ನಿಸಿತು. ಜನ ಓದಲಿ ಅಂತ ಇತ್ತು." ನಾನು ಹೊರಡುವಾಗ ಅವರೇ ಹೇಳಿದರು, "ಕೇಳಿದ್ದಕ್ಕೆ ಉತ್ತರ ಕೊಡು. ಕೇಳದೇ ಇದ್ದದ್ದನ್ನ ಹೇಳೋಕೆ ಹೋಗಬೇಡ."

ವಿಚಾರಣೆಯ ದಿನ ಕೋರ್ಟ್ ಹಾಲ್ ತುಂಬಿತ್ತು. ಆ ಊರಿನಿಂದ ಎರಡು ಟೆಂಪೋ ಜನ ಬಂದಿದ್ದರು. ಮೊದಲು ಮಹದೇವಮ್ಮನವರ ವಕೀಲರು ಕೇಳಿದರು. ಕಲ್ಲು ನೋಡಿದ್ದೀರಾ, ಪಡಿಯಚ್ಚು ತೆಗೆದವರು ನೀವೇ ಅಲ್ಲವೇ ಎಂದೆಲ್ಲ ಕೇಳಿ, "ಅದು ದಾನದ ಶಾಸನ ಅಲ್ಲ, ಹೌದೋ?" ಎಂದರು.

"ಅಲ್ಲ ಅಂತ ಹೇಳಲಾರೆ" ಎಂದೆ.

ಅವರು ನನ್ನನ್ನೇ ನೋಡಿದರು. ಇನ್ನೊಂದು ಸಲ ಬೇರೆ ರೀತಿಯಲ್ಲಿ ಕೇಳಿದರು. ನಾನು ಅದೇ ಉತ್ತರ ಕೊಟ್ಟೆ.

ಟ್ರಸ್ಟಿನ ವಕೀಲರು ಪಾಟಿ ಸವಾಲಿಗೆ ಎದ್ದಾಗ ಅವರ ಮುಖದಲ್ಲಿ ನಗು ಇತ್ತು. "ಸೀತಾಪತಿಯವರು ನಿಮ್ಮ ಗುರುಗಳು?"

"ಹೌದು."

"ನಿಮಗಿಂತ ದೊಡ್ಡ ವಿದ್ವಾಂಸರು?"

"ಹೌದು."

"ಅವರು ದಾನ ಅಂತ ಬರೆದಿದ್ದಾರೆ. ಅಂದಮೇಲೆ ಅದು ದಾನ."

"ಹೌದು ಅಂತಲೂ ಹೇಳಲಾರೆ."

"ಅವರು ಬರೆದದ್ದು ಸುಳ್ಳೇ ಹಾಗಾದರೆ?"

"ಸುಳ್ಳಲ್ಲ. ಅದು ಊಹೆ. ಆ ಭಾಷೆಯ ಒಂದು ಮಾತಿನ ಅರ್ಥವೂ ಈವತ್ತು ಯಾರಿಗೂ ಗೊತ್ತಿಲ್ಲ. ಅದು ದಾನ ಇರಬಹುದು. ಸತ್ತವರ ಹೆಸರು ಇರಬಹುದು. ಬೈಗುಳ ಇರಬಹುದು."

ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ನ್ಯಾಯಾಧೀಶರು ಪೆನ್ನು ಕೆಳಗಿಟ್ಟರು. "ಹಾಗಾದರೆ ನಿಮಗೆ ಗೊತ್ತಿರೋದಾದರೂ ಏನು?"

"ಅಕ್ಷರ ಗೊತ್ತು ಸ್ವಾಮಿ. ಓದಬಲ್ಲೆ."

"ಓದಿ, ಕೇಳೋಣ."

ಪಡಿಯಚ್ಚನ್ನು ಕಟಕಟೆಯ ಅಂಚಿನ ಮೇಲೆ ಬಿಚ್ಚಿ ಹಿಡಿದು ಓದಿದೆ. ಎತುಮ ಖೊರಿ ಸಲಮೆ, ಎತುಮ ದಾವಿಜು ನೆರೊ. ಅದುವರೆಗೆ ನಾವು ಅದನ್ನು ಮೇಜಿನ ಮುಂದೆ ಕೂತು, ಅಕ್ಷರ ಅಕ್ಷರವಾಗಿ, ಗೊಣಗಿಕೊಂಡು ಓದಿದ್ದೆವು. ತುಂಬಿದ ಸಭೆಯಲ್ಲಿ ಎದ್ದು ನಿಂತು ಗಟ್ಟಿಯಾಗಿ ಓದಿರಲಿಲ್ಲ. ಜನ ಮುಂದೆ ಬಾಗಿ ಕೇಳುತ್ತಿದ್ದರು. ಏನೋ ತಿಳಿದೀತು ಎಂಬಂತೆ ಕೇಳುತ್ತಿದ್ದರು. ನಾಲ್ಕು ಸಾಲು ಮುಗಿಸಿ, ಐದನೆಯದು ಓದಲು ಬಂದಿಲ್ಲ ಎಂದು ಹೇಳಿ ನಿಲ್ಲಿಸಿದೆ.

"ಮಂತ್ರ ಇದ್ದಂಗದೆ" ಎಂದಿತು ಹಿಂದಿನಿಂದ ಒಂದು ದನಿ.

ಟೈಪಿಸ್ಟು ಕೈ ಎತ್ತಿ ಕೂತಿದ್ದರು. "ಸಾರ್, ಇದನ್ನ ಹೆಂಗೆ ಹೊಡೀಲಿ?"

"ಸಾಕ್ಷಿ ಓದಿದರು, ಅರ್ಥ ತಿಳಿಯದು ಎಂದರು. ಅಷ್ಟು ಹಾಕಿ" ಎಂದರು ನ್ಯಾಯಾಧೀಶರು.

ಹೊರಗೆ ಹುಣಸೆಮರದ ಕೆಳಗೆ ಮಹದೇವಮ್ಮ ನನ್ನನ್ನು ಹಿಡಿದು ನಿಲ್ಲಿಸಿದರು. ಸೆರಗಿನ ತುದಿ ಕೈಯಲ್ಲಿ ಹಿಂಡುತ್ತಿದ್ದರು.

"ಏನ್ಸಾ ನೀವು? ದ್ಯಾವ್ರ ಮುಂದೆ ಊವು ಕೇಳುದ್ರೂ ಎಡಕ್ಕೋ ಬಲಕ್ಕೋ ಒಂದ್ಕಡಿಕೆ ಕೊಡ್ತದೆ. ನೀವು ಎರ್ಡ್ ಕಡಿಕೂ ಇಲ್ಲ ಅಂದ್ಬುಟ್ರಲ್ಲ."

"ಗೊತ್ತಿಲ್ಲದ್ದನ್ನ ಹೇಗೆ ಹೇಳಲಿ ತಾಯಿ?"

"ಬುಕ್ ಬರ್ದವ್ರು ಏಳ್ಲಿಲ್ವಾ? ಅವ್ರಿಗೇನ್ ಗೊತ್ತಿತ್ತು?"

ಅಷ್ಟು ಹೇಳಿ ಅವರು ಟೆಂಪೋ ಕಡೆ ನಡೆದರು.

ತೀರ್ಪು ಬರಲು ಬಹಳ ಕಾಲ ಹಿಡಿಯಿತು. ಅರ್ಥ ತಿಳಿಯದ ಕಲ್ಲನ್ನು ಸಾಕ್ಷ್ಯವಾಗಿ ಹಿಡಿಯಲಾಗದೆಂದು ಕೋರ್ಟು ಅದನ್ನು ಬದಿಗಿಟ್ಟಿತು. ಎರಡೂ ಕಡೆಯ ಉಳಿದ ಕಾಗದಗಳ ಆಧಾರದ ಮೇಲೆ ಗದ್ದೆ ಮಹದೇವಮ್ಮನವರಿಗೇ ಉಳಿಯಿತು. ಇನ್ನೂ ದೊಡ್ಡ ವಿದ್ವಾಂಸರನ್ನು ಕರೆತಂದು ಓದಿಸಿ, ಮೇಲಿನ ಕೋರ್ಟಿಗೆ ಹೋಗುತ್ತೇವೆ ಎಂದು ಟ್ರಸ್ಟಿನವರು ಊರಿನಲ್ಲಿ ಹೇಳಿಕೊಂಡು ತಿರುಗಿದರು.

ಸೀತಾಪತಿಯವರನ್ನು ನೋಡಲು ಹೋಗುವುದೋ ಬೇಡವೋ ಎಂದು ಕೆಲವು ವಾರ ತಡೆದೆ. ಕೊನೆಗೆ ಹೋದಾಗ ಅವರು ಕೇಳಿದ್ದು ತೀರ್ಪಿನ ಬಗ್ಗೆ ಅಲ್ಲ.

"ಎದ್ದು ನಿಂತು ಗಟ್ಟಿಯಾಗಿ ಓದಿದೆಯಂತೆ" ಎಂದರು.

"ಹೌದು ಸರ್."

"ಹೇಗೆ ಕೇಳಿಸ್ತು?"

"ಯಾರೋ ಮಾತಾಡಿದ ಹಾಗೆ."

"ಓದು ನೋಡೋಣ."

ಬಾಯಿಪಾಠವಾಗಿತ್ತು. ಓದಿದೆ. ಅವರು ಕಣ್ಣು ಮುಚ್ಚಿ ಕೇಳಿದರು. 'ಎತುಮ' ಬಂದಾಗ ಒಂದು ಸಲ ತಲೆ ಅಲ್ಲಾಡಿಸಿದರು. ಒಪ್ಪಿದ್ದೋ ಬೇಡವೆಂದದ್ದೋ ನನಗೆ ಗೊತ್ತಾಗಲಿಲ್ಲ. ಮುಂದಿನ ಚಳಿಗಾಲದಲ್ಲಿ ಅವರು ತೀರಿಕೊಂಡರು.

ನನ್ನ ನಿವೃತ್ತಿಯ ಹೊತ್ತಿಗೆ ಕೆಲಸದ ರೀತಿ ಬದಲಾಗಿತ್ತು. ಈಗ ಒದ್ದೆ ಕಾಗದ ಬೇಕಿಲ್ಲ. ಕ್ಯಾಮೆರಾವನ್ನು ಒಂದೇ ಕಡೆ ನಿಲ್ಲಿಸಿ, ಬೆಳಕನ್ನು ಮಾತ್ರ ಒಂದೊಂದು ದಿಕ್ಕಿನಿಂದ ಹಾಯಿಸಿ, ಸಾಲುಸಾಲು ಫೋಟೋ ತೆಗೆಯುತ್ತಾರೆ. ಅವನ್ನು ಕಂಪ್ಯೂಟರಿನಲ್ಲಿ ಕೂಡಿಸಿದರೆ ಕಣ್ಣಿಗೂ ಕಾಗದಕ್ಕೂ ಸಿಕ್ಕದ ಗೀರು ಎದ್ದು ಬರುತ್ತದೆ. ತಗಡೂರು ಕಡೆಯ ಕಲ್ಲಿನಲ್ಲಿ ನಾವು ಪೂರ್ತಿ ಕೈಬಿಟ್ಟಿದ್ದ ಒಂದು ಸಾಲು ಹೀಗೆ ಹೊರಬಂತು. ಈ ವಿಧಾನದಲ್ಲಿ ಉಳಿದ ಮೂರು ಕಲ್ಲನ್ನೂ ಹಿಡಿಯಬೇಕೆಂದು ಕಚೇರಿಗೆ ಹೊಸದಾಗಿ ಬಂದ ಅಧಿಕಾರಿ ರಶ್ಮಿಯವರು ದಾರಿ ತೋರಿಸಲು ನನ್ನನ್ನು ಕರೆದರು. ನಾಲ್ಕನೆಯ ಕಲ್ಲಿನ ಐದನೆಯ ಸಾಲು ಸಿಕ್ಕರೆ ಆ ಭಾಷೆಯ ಅತಿ ಉದ್ದದ ಬರಹ ಅದೇ ಆಗುತ್ತಿತ್ತು. ಜೀಪಿನಲ್ಲಿ ಹೋಗುವಾಗ ಅವರು ಅದೇ ಮಾತಾಡುತ್ತಿದ್ದರು.

ಗದ್ದೆಯ ಅಂಚಿನಲ್ಲಿ ಕಲ್ಲು ನಿಂತ ಜಾಗದಲ್ಲೇ ನಿಂತಿತ್ತು. ಮುಖ ಬೇರೆಯಾಗಿತ್ತು. ಹಳೆಯ ಕಪ್ಪು ಮೈ ಹೋಗಿ ಹೊಸ ಬೂದು ಬಣ್ಣ. ಮೇಲಿನಿಂದ ಕೆಳಗಿನವರೆಗೆ ಉಳಿಯ ಗುರುತುಗಳು, ಒಂದೇ ಅಳತೆಯಲ್ಲಿ, ಒರಳು ಕೊರೆದಾಗ ಇರುವ ಹಾಗೆ. ಒಳ್ಳೆಯ ಕೆಲಸಗಾರನ ಕೈ.

ಮಹದೇವಮ್ಮ ನಮ್ಮನ್ನು ಕಂಡು ಮಜ್ಜಿಗೆ ತಂದರು. ವಯಸ್ಸಾಗಿತ್ತು, ನನ್ನನ್ನು ಗುರುತು ಹಿಡಿದರು.

"ಕಲ್ ಕೆಲ್ಸದೋರ್ನ ಕರ್ಸಿ ಅಕ್ಸರ ತೆಗೆಸ್ಬುಟ್ಟೆ ಕಣ್ಸಾ" ಎಂದು ಅವರೇ ಹೇಳಿದರು.

ರಶ್ಮಿಯವರ ದನಿ ಏರಿತು. "ಏನಮ್ಮಾ ಇದು? ಪ್ರಪಂಚದಲ್ಲಿ ಇಂಥದ್ದು ಇದ್ದದ್ದೇ ನಾಲ್ಕು!"

"ಇರ್ಬೋದು ಕಣವ್ವಾ. ನಂಗಿರೋದು ಒಂದೇ ಗದ್ದೆ." ಅವರು ಲೋಟವನ್ನು ರಶ್ಮಿಯವರ ಕೈಗೆ ಕೊಟ್ಟು ನನ್ನ ಕಡೆ ತಿರುಗಿದರು. "ಇದು ಯಾರ್ಗೂ ಓದಕ್ಕಾಗಲ್ಲ ಅಂತ ಜಡ್ಜ್ ಮುಂದೆ ನೀವೇ ತಾನೆ ಏಳಿದ್ದು? ಓದಕ್ಕಾಗದೇ ಇರೋದು ಇದ್ರೂ ಒಂದೇ, ಇಲ್ದಿದ್ರೂ ಒಂದೇ. ಓದ್ತೀನಿ ಅನ್ನೋನು ಇನ್ನೊಬ್ಬ ಬಂದ್ರೆ ಏನ್ಮಾಡ್ಲಿ? ಅವತ್ತು ನೀವು ಸಿಕ್ತೀರೋ, ಇಲ್ವೋ."

ಅವರ ಮಾತಿನಲ್ಲಿ ತಪ್ಪು ಹುಡುಕಿದೆ. ಸಿಕ್ಕಲಿಲ್ಲ. ಈಗಲೂ ಸಿಕ್ಕಿಲ್ಲ. ನನ್ನ ಸಾಕ್ಷಿಯಲ್ಲಿಯೂ ತಪ್ಪಿರಲಿಲ್ಲ. ಎರಡೂ ಸರಿಯಾಗಿದ್ದು ಕಲ್ಲು ಹೋಯಿತು. ಈ ಕೆಲಸಕ್ಕೆ ಬರುವವರಿಗೆ ಇದರಿಂದ ಏನು ಬುದ್ಧಿ ಹೇಳಬೇಕೆಂದು ಬಹಳ ಯೋಚಿಸಿದ್ದೇನೆ. ಗೊತ್ತಿಲ್ಲ ಎಂದು ಹೇಳುವುದನ್ನು ಬಿಡಿ ಎನ್ನಲಾರೆ. ಹಾಗೆ ಹೇಳಿ ಮನೆಗೆ ಹೋಗಿಬಿಡಬೇಡಿ ಎನ್ನಬಹುದು. ಅಷ್ಟೇ ತೋಚುತ್ತದೆ.

ಮಹದೇವಮ್ಮ ಕಲ್ಲಿನ ಮೇಲೆ ಕೈ ಇಟ್ಟುಕೊಂಡು, "ಬಂದಿದ್ದೀರ, ನೀವೇ ಒಂಚೂರು ನೋಡ್ಬುಡಿ. ಎಲ್ಲಾದ್ರೂ ಉಳ್ಕಂಡದಾ?" ಎಂದರು.

ಕಲ್ಲಿನ ಬುಡ ಮತ್ತೆ ಮಣ್ಣಿನಲ್ಲಿ ಹೂತಿತ್ತು. ನಾನು ಕೂತು ಕೈಯಿಂದ ಮಣ್ಣು ಬಿಡಿಸಿದೆ. ಉಳಿಯ ಗುರುತು ನೆಲಮಟ್ಟದಿಂದ ಒಂದು ಗೇಣು ಕೆಳಗಿನವರೆಗೂ ಇಳಿದಿತ್ತು. ಎಡತುದಿಯಲ್ಲಿ, ಐದನೆಯ ಸಾಲು ಶುರುವಾಗುವಲ್ಲಿ, ಬೆರಳಿಗೆ ಒಂದು ಗುಳಿ ಸಿಕ್ಕಿತು. ಒದ್ದೆ ಬಟ್ಟೆಯಿಂದ ಒರೆಸಿದೆ. ರಶ್ಮಿಯವರು ನನ್ನ ಹೆಗಲ ಹಿಂದೆ ಬಾಗಿ ನಿಂತಿದ್ದರು.

"ಒಂದು ಅಕ್ಷರ ಇದೆ" ಎಂದೆ.

ಮಹದೇವಮ್ಮ ಬಗ್ಗಿ ನೋಡಿದರು. "ಅದೊಂದ್ರಲ್ಲಿ ಏನಾರ ಓದಕ್ಕಾದದಾ?"

"ಇಲ್ಲ."

"ಯಾರ್ಗೂ?"

"ಯಾರಿಗೂ ಆಗಲ್ಲ."

"ಅಂಗಾದ್ರೆ ಇರ್ಲಿ ಬುಡಿ" ಎಂದು ಅವರು ಕಾಲಿನಿಂದ ಮಣ್ಣನ್ನು ಅದರ ಮೇಲೆ ಎಳೆದು, ಮೆಟ್ಟಿ ಗಟ್ಟಿ ಮಾಡಿದರು.